ಕತ್ತರಿಸಿದ ಹಾವಿನ ಅರ್ಥವೇನು?



ಕಳೆದ ತಿಂಗಳು ಪ್ರಥಮ ಪಿಯುಸಿ ಕಲಾ ವಿಭಾಗದಲ್ಲಿ ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಪಾಠ ಮಾಡುತ್ತಿದ್ದೆ. ಪ್ರೊಜೆಕ್ಟರಿನಲ್ಲಿ ಒಂದು ಹಳೆಯ ಚಿತ್ರ ಹಾಕಿದ್ದೆ. ಎಂಟು ತುಂಡಾಗಿ ಬಿದ್ದಿರುವ ಒಂದು ಹಾವು. ಅದರ ಕೆಳಗೆ ‘ಒಂದಾಗಿ, ಇಲ್ಲವೇ ಸಾಯಿರಿ’ ಎಂಬ ಅರ್ಥದ ಇಂಗ್ಲಿಷ್ ಮಾತು. ಪ್ರತಿ ವರ್ಷ ಹೇಳುವಂತೆ ಈ ವರ್ಷವೂ ಹೇಳಿದೆ: “ವಸಾಹತುಗಳೆಲ್ಲ ಒಂದಾಗಿ ಬ್ರಿಟಿಷರ ವಿರುದ್ಧ ಸ್ವಾತಂತ್ರ್ಯಕ್ಕಾಗಿ ಹೋರಾಡಬೇಕು ಎಂಬುದನ್ನು ಈ ಹಾವು ಸಂಕೇತಿಸುತ್ತದೆ. ಬರೆದುಕೊಳ್ಳಿ.” ಎಲ್ಲರೂ ಬರೆದುಕೊಂಡರು. ಮೂರನೇ ಬೆಂಚಿನ ಒಬ್ಬ ಹುಡುಗಿ ಮಾತ್ರ ಪೆನ್ನು ಕೆಳಗಿಟ್ಟು ಎದ್ದು ನಿಂತಳು.

“ಸರ್, ಒಂದು ಡೌಟು. ಚಿತ್ರದ ಪಕ್ಕದಲ್ಲಿ 1754 ಅಂತ ಇದೆ. ಸ್ಟಾಂಪ್ ಕಾಯ್ದೆ ಬಂದದ್ದು 1765ರಲ್ಲಿ ಅಂತ ನಿನ್ನೆ ನೀವೇ ಹೇಳಿದ್ರಿ. ಜಗಳ ಶುರುವಾಗುವುದಕ್ಕೆ ಹನ್ನೊಂದು ವರ್ಷ ಮೊದಲೇ ಸ್ವಾತಂತ್ರ್ಯ ಬೇಕು ಅಂತ ಹೇಗೆ ಬರೆದರು?”

ನನ್ನಲ್ಲಿ ಉತ್ತರ ಇರಲಿಲ್ಲ. “ನಾಳೆ ಹೇಳ್ತೇನಮ್ಮ, ಕೂತ್ಕೋ” ಎಂದೆ. ಆ ದಿನ ಸಂಜೆ ಕೂತು ಓದಿದಾಗ ಗೊತ್ತಾಯಿತು, ತಪ್ಪು ನನ್ನದೇ. ಒಂದಲ್ಲ ಎರಡಲ್ಲ, ಆರು ಬ್ಯಾಚಿನ ಮಕ್ಕಳಿಗೆ ನಾನು ಅದನ್ನೇ ಬರೆಸಿದ್ದೆ. ಮರುದಿನ ತರಗತಿಗೆ ಹೋದ ಕೂಡಲೇ ಮೊದಲು ಅದನ್ನು ಹೇಳಿ, ಆಮೇಲೆ ಪಾಠ ಮುಂದುವರಿಸಿದೆ. ಆದರೆ ಹಿಂದಿನ ಆರು ಬ್ಯಾಚಿನವರು ಈಗ ನನ್ನ ಎದುರಿಗಿಲ್ಲ. ಅವರಲ್ಲಿ ಕೆಲವರ ತಮ್ಮ ತಂಗಿಯರು ಇಲ್ಲಿ ಓದುತ್ತಿದ್ದಾರೆ. ಈ ಸಂಚಿಕೆ ಆ ಮನೆಗಳಿಗೂ ಹೋಗುತ್ತದೆ. ಅವರಿಗೂ ಸೇರಿಸಿ ಈ ಪಾಠವನ್ನು ಇಲ್ಲಿ ಮತ್ತೊಮ್ಮೆ ಸರಿಯಾಗಿ ಮಾಡುತ್ತಿದ್ದೇನೆ.

ಹಾವು ಹುಟ್ಟಿದ ಸಮಯ

ಆ ಚಿತ್ರ ಅಚ್ಚಾದದ್ದು 1754ರ ಮೇ 9ರಂದು, ಫಿಲಡೆಲ್ಫಿಯಾದ ‘ಪೆನ್ಸಿಲ್ವೇನಿಯಾ ಗೆಜೆಟ್’ ಪತ್ರಿಕೆಯಲ್ಲಿ. ಪತ್ರಿಕೆ ಬೆಂಜಮಿನ್ ಫ್ರಾಂಕ್ಲಿನ್ನನದು. ಚಿತ್ರದ ಕಲ್ಪನೆಯೂ ಅವನದೇ ಎಂದು ಇತಿಹಾಸಕಾರರು ಒಪ್ಪುತ್ತಾರೆ. ಮರದ ಹಲಗೆಯಲ್ಲಿ ಕೆತ್ತಿ ಅಚ್ಚು ಹಾಕಿದ ಸಣ್ಣ ಚಿತ್ರ ಅದು. ರಾಜಕೀಯ ವ್ಯಂಗ್ಯಚಿತ್ರವನ್ನು ‘ಕಾರ್ಟೂನ್’ ಎಂದು ಕರೆಯುವ ರೂಢಿ ಆಗ ಇನ್ನೂ ಇರಲಿಲ್ಲ. ಆ ಹೆಸರು ಬಂದದ್ದು 1843ರಲ್ಲಿ, ಲಂಡನ್ನಿನ ‘ಪಂಚ್’ ಪತ್ರಿಕೆಯಿಂದ.

ಆಗ ನಡೆಯುತ್ತಿದ್ದುದೇನು? ಇಂದು ಪಿಟ್ಸ್‌ಬರ್ಗ್ ನಗರ ಇರುವ ಜಾಗದಲ್ಲಿ, ಎರಡು ನದಿಗಳು ಸೇರಿ ಓಹಿಯೋ ನದಿಯಾಗುವ ಕಡೆ, ಬ್ರಿಟಿಷ್ ವಸಾಹತಿನವರು ಒಂದು ಸಣ್ಣ ಕೋಟೆ ಕಟ್ಟುತ್ತಿದ್ದರು. ಏಪ್ರಿಲ್‌ನಲ್ಲಿ ಫ್ರೆಂಚರು ಅದನ್ನು ವಶಪಡಿಸಿಕೊಂಡರು. ಆ ಸುದ್ದಿಯ ಜೊತೆಗೇ ಹಾವಿನ ಚಿತ್ರ ಪ್ರಕಟವಾಯಿತು. ಫ್ರೆಂಚರು ಒಂದೇ ಆಜ್ಞೆಯ ಕೆಳಗೆ ಬರುತ್ತಿದ್ದಾರೆ, ನಾವು ಮಾತ್ರ ಹಂಚಿ ಹೋಗಿದ್ದೇವೆ ಎಂಬುದು ಪತ್ರಿಕೆಯ ಚಿಂತೆ. ಅಂದರೆ ಈ ಹಾವಿನ ಶತ್ರು ಬ್ರಿಟನ್ ಅಲ್ಲ, ಫ್ರಾನ್ಸ್. ಫ್ರಾಂಕ್ಲಿನ್ ಆಗ ಬ್ರಿಟಿಷ್ ದೊರೆಯ ನಿಷ್ಠಾವಂತ ಪ್ರಜೆ. ಮುಂದಿನ ತಿಂಗಳು ಆಲ್ಬನಿಯಲ್ಲಿ ಸೇರಿದ ಸಭೆಯಲ್ಲಿ ವಸಾಹತುಗಳ ಒಕ್ಕೂಟಕ್ಕೆ ಅವನು ಒಂದು ಯೋಜನೆ ಮುಂದಿಟ್ಟ. ಅದರ ಪ್ರಕಾರ ಒಕ್ಕೂಟದ ಮುಖ್ಯಸ್ಥನನ್ನು ನೇಮಿಸುವವನು ಬ್ರಿಟಿಷ್ ದೊರೆಯೇ. ವಸಾಹತುಗಳ ಶಾಸನಸಭೆಗಳು ಆ ಯೋಜನೆಯನ್ನು ಒಪ್ಪಲಿಲ್ಲ, ಲಂಡನ್ನಿನವರೂ ಕೈಗೆತ್ತಿಕೊಳ್ಳಲಿಲ್ಲ.

ಈಗ ಚಿತ್ರವನ್ನು ನಿಧಾನವಾಗಿ ನೋಡಿ. ತುಂಡುಗಳ ಪಕ್ಕದಲ್ಲಿ ಅಕ್ಷರಗಳಿವೆ. ಬಾಲದಲ್ಲಿ ದಕ್ಷಿಣ ಕ್ಯಾರೊಲಿನಾ, ಆಮೇಲೆ ಉತ್ತರ ಕ್ಯಾರೊಲಿನಾ, ವರ್ಜೀನಿಯಾ, ಮೇರಿಲ್ಯಾಂಡ್, ಪೆನ್ಸಿಲ್ವೇನಿಯಾ, ನ್ಯೂಜೆರ್ಸಿ, ನ್ಯೂಯಾರ್ಕ್. ತಲೆಯಲ್ಲಿ ನ್ಯೂ ಇಂಗ್ಲೆಂಡ್. ಇದು ಭೂಪಟದಲ್ಲಿ ದಕ್ಷಿಣದಿಂದ ಉತ್ತರಕ್ಕೆ ಹೋಗುವ ಕ್ರಮ. ಹಾವಿನ ಬಳುಕು ಕೂಡ ಕಡಲತೀರದ ಗೆರೆಯನ್ನು ನೆನಪಿಸುತ್ತದೆ. ಹದಿಮೂರು ವಸಾಹತುಗಳಿದ್ದರೆ ತುಂಡು ಎಂಟೇ ಏಕೆ? ನ್ಯೂ ಇಂಗ್ಲೆಂಡ್ ಎಂಬ ಒಂದೇ ಹೆಸರಿನಲ್ಲಿ ನಾಲ್ಕು ವಸಾಹತುಗಳು ಸೇರಿವೆ. ಡೆಲವೇರ್ ಮತ್ತು ಪೆನ್ಸಿಲ್ವೇನಿಯಾಕ್ಕೆ ಒಬ್ಬನೇ ಗವರ್ನರ್ ಇದ್ದ. ಜಾರ್ಜಿಯಾವನ್ನು ಬಿಟ್ಟುಬಿಟ್ಟಿದ್ದಾರೆ.

ಹಾವೇ ಏಕೆ? ತುಂಡಾದ ಹಾವನ್ನು ಸೂರ್ಯ ಮುಳುಗುವುದರೊಳಗೆ ಜೋಡಿಸಿದರೆ ಅದು ಮತ್ತೆ ಜೀವ ತಳೆಯುತ್ತದೆ ಎಂಬ ಜನರ ನಂಬಿಕೆಯೊಂದು ಆ ಕಾಲದಲ್ಲಿತ್ತು. ಈ ನಂಬಿಕೆ ಗೊತ್ತಿಲ್ಲದವರಿಗೆ ಅದು ಬರೀ ಸತ್ತ ಹಾವು. ಗೊತ್ತಿದ್ದವರಿಗೆ ಅದು ‘ಇನ್ನೂ ಹೊತ್ತಿದೆ, ಬೇಗ ಮಾಡಿ’ ಎಂಬ ಎಚ್ಚರಿಕೆ.

ನಾಲ್ಕು ಪ್ರಶ್ನೆಗಳು

ನಾನು ಮಾಡಿದ ತಪ್ಪು ಇಷ್ಟೆ. ಚಿತ್ರವನ್ನು ನೋಡುವ ಮೊದಲೇ ಅರ್ಥ ಹೇಳಿಬಿಟ್ಟೆ. ಈಗ ತರಗತಿಯಲ್ಲಿ ಯಾವುದೇ ವ್ಯಂಗ್ಯಚಿತ್ರ ತೋರಿಸಿದರೂ ಈ ನಾಲ್ಕು ಪ್ರಶ್ನೆ ಕೇಳದೆ ‘ಸಂಕೇತ’ ಎಂಬ ಪದ ಬಳಸುವಂತಿಲ್ಲ ಎಂದು ನಿಯಮ ಮಾಡಿಕೊಂಡಿದ್ದೇವೆ.

ಒಂದು: ಕಣ್ಣಿಗೆ ಏನೇನು ಕಾಣುತ್ತಿದೆ? ಅರ್ಥ ಬೇಡ, ಪಟ್ಟಿ ಸಾಕು.

ಎರಡು: ಯಾವಾಗ, ಎಲ್ಲಿ ಪ್ರಕಟವಾಯಿತು? ಆಗ ಅಲ್ಲಿ ಏನು ನಡೆಯುತ್ತಿತ್ತು?

ಮೂರು: ಯಾರು ಬರೆದರು, ಯಾರು ನೋಡಲೆಂದು ಬರೆದರು?

ನಾಲ್ಕು: ಏನನ್ನು ಬಿಟ್ಟಿದ್ದಾರೆ, ಏನನ್ನು ಬದಲಾಯಿಸಿದ್ದಾರೆ?

ಈ ಪ್ರಶ್ನೆಗಳನ್ನು ಹಿಡಿದುಕೊಂಡು ಅದೇ ಹಾವಿನ ಮುಂದಿನ ಬದುಕನ್ನು ನೋಡೋಣ.

ಹಾವು ಪಕ್ಷ ಬದಲಿಸಿತು

1765ರಲ್ಲಿ ಬ್ರಿಟಿಷ್ ಸಂಸತ್ತು ಸ್ಟಾಂಪ್ ಕಾಯ್ದೆ ತಂದಿತು. ಪತ್ರಿಕೆ, ಕರಾರುಪತ್ರ, ಇಸ್ಪೀಟೆಲೆಗೆ ಕೂಡ ತೆರಿಗೆ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ‘ಕಾನ್‌ಸ್ಟಿಟ್ಯೂಷನಲ್ ಕೂರಾಂಟ್’ ಎಂಬ ಪತ್ರಿಕೆ ಅದೇ ಕತ್ತರಿಸಿದ ಹಾವನ್ನು ತನ್ನ ತಲೆಬರಹದಲ್ಲಿ ಹಾಕಿಕೊಂಡಿತು. ಹಾವು ಅದೇ, ಮಾತು ಅದೇ, ಶತ್ರು ಮಾತ್ರ ಬದಲಾದ. 1774ರ ಜುಲೈಯಲ್ಲಿ ಬಾಸ್ಟನ್ನಿನ ‘ಮ್ಯಾಸಚೂಸೆಟ್ಸ್ ಸ್ಪೈ’ ಪತ್ರಿಕೆಗಾಗಿ ಪಾಲ್ ರಿವಿಯರ್ ಇನ್ನೊಂದು ಹಾವನ್ನು ಕೆತ್ತಿದ. ಅದರಲ್ಲಿ ಜಾರ್ಜಿಯಾಕ್ಕೂ ಜಾಗ ಸಿಕ್ಕಿತು. ಹಾವಿನ ಎದುರಿಗೆ ಬ್ರಿಟನ್ನನ್ನು ಸೂಚಿಸುವ ಡ್ರ್ಯಾಗನ್ ಬಂದು ನಿಂತಿತು. ನಾನು ಆರು ವರ್ಷ ಹೇಳುತ್ತಿದ್ದ ಅರ್ಥ ಈ ಹಾವಿಗೆ ಹೆಚ್ಚು ಹತ್ತಿರ. ಇದರ ಅರ್ಥವನ್ನು ತೆಗೆದುಕೊಂಡು ಇಪ್ಪತ್ತು ವರ್ಷ ಹಿಂದಿನ ಹಾವಿಗೆ ಅಂಟಿಸಿದ್ದೆ.

ಬ್ರಿಟಿಷ್ ದೊರೆಯ ಪರವಾಗಿದ್ದ ಅಮೆರಿಕನ್ನರೂ ಸುಮ್ಮನಿರಲಿಲ್ಲ. ಅದೇ 1774ರಲ್ಲಿ ನ್ಯೂಯಾರ್ಕಿನ ಒಂದು ರಾಜನಿಷ್ಠ ಪತ್ರಿಕೆ, ದಂಗೆಕೋರರು ತಮ್ಮ ನಾಡಿಗೆ ಹುಲ್ಲಿನಲ್ಲಿ ಅವಿತ ಹಾವನ್ನೇ ಗುರುತಾಗಿ ಆರಿಸಿಕೊಂಡಿರುವುದು ಸರಿಯಾಗಿಯೇ ಇದೆ ಎಂದು ಪದ್ಯ ಕಟ್ಟಿ ಅಣಕಿಸಿತು. ಅವರ ಕಣ್ಣಿಗೆ ಹಾವು ಎಂದರೆ ಮೋಸ. ನಮ್ಮ ಊರುಗಳಲ್ಲೇ ನೋಡಿ. ನಾಗರಕಟ್ಟೆಗೆ ಹಾಲೆರೆಯುವ ಮನೆಯವರಿಗೆ ಹಾವು ಪೂಜ್ಯ. ತೋಟದಲ್ಲಿ ಹಾವು ಕಚ್ಚಿ ಒಬ್ಬರನ್ನು ಕಳೆದುಕೊಂಡ ಮನೆಯವರಿಗೆ ಅದು ಸಾವು. ಹಾವಿನ ಚಿತ್ರವೊಂದನ್ನು ಇಬ್ಬರ ಮುಂದಿಟ್ಟರೆ ಇಬ್ಬರೂ ಒಂದೇ ಅರ್ಥ ಹೇಳುವುದಿಲ್ಲ.

1775ರ ಹೊತ್ತಿಗೆ ಯುದ್ಧ ಶುರುವಾಗಿತ್ತು. ಆಗ ಹಾವು ತುಂಡಾಗಿರಲಿಲ್ಲ, ಸುರುಳಿ ಸುತ್ತಿ ಹೆಡೆ ಎತ್ತುವಂತೆ ತಲೆ ಎತ್ತಿತ್ತು. ‘ನನ್ನನ್ನು ತುಳಿಯಬೇಡ’ ಎಂಬ ಮಾತಿನ ಹಳದಿ ಬಾವುಟ ಬಂತು. ಅದು ಅಮೆರಿಕದಲ್ಲಿ ಮಾತ್ರ ಕಾಣುವ ರ್‍ಯಾಟಲ್ ಸ್ನೇಕ್, ಬಾಲದ ತುದಿಯಲ್ಲಿ ಗಿಲಕಿಯಂತೆ ಸದ್ದು ಮಾಡುವ ವಿಷದ ಹಾವು. ಆ ವರ್ಷದ ಡಿಸೆಂಬರ್‌ನಲ್ಲಿ ಫಿಲಡೆಲ್ಫಿಯಾದ ಪತ್ರಿಕೆಯೊಂದರಲ್ಲಿ ಗುಪ್ತನಾಮದ ಒಂದು ಬರಹ ಬಂತು. ಅದನ್ನೂ ಫ್ರಾಂಕ್ಲಿನ್ನನದೇ ಎನ್ನುತ್ತಾರೆ. ಈ ಹಾವಿಗೆ ರೆಪ್ಪೆ ಇಲ್ಲ, ಆದ್ದರಿಂದ ಸದಾ ಎಚ್ಚರ; ಅದು ತಾನಾಗಿ ಮೇಲೆ ಬೀಳುವುದಿಲ್ಲ; ಕಚ್ಚುವ ಮೊದಲು ಸದ್ದು ಮಾಡಿ ಎಚ್ಚರಿಸುತ್ತದೆ ಎಂದೆಲ್ಲ ಅದರಲ್ಲಿ ವಿವರಿಸಲಾಗಿತ್ತು. ಇಪ್ಪತ್ತೊಂದು ವರ್ಷದಲ್ಲಿ ಹಾವು ದುರ್ಬಲತೆಯ ಗುರುತಿನಿಂದ ಸ್ವಾಭಿಮಾನದ ಗುರುತಾಯಿತು.

ಒಬ್ಬನೇ ಮನುಷ್ಯ, ಬೇರೆ ಓದುಗರು

ಮೂರನೇ ಪ್ರಶ್ನೆಗೆ ಫ್ರಾಂಕ್ಲಿನ್ನನ ಇನ್ನೊಂದು ಚಿತ್ರವೇ ಒಳ್ಳೆಯ ಉದಾಹರಣೆ. ಸ್ಟಾಂಪ್ ಕಾಯ್ದೆಯ ಗಲಾಟೆಯ ಸಮಯದಲ್ಲಿ ಅವನು ಲಂಡನ್ನಿನಲ್ಲಿದ್ದ. ಅಲ್ಲಿ ಹಾವಿನ ಚಿತ್ರ ತೋರಿಸಿದರೆ ಬ್ರಿಟಿಷರು ಇನ್ನಷ್ಟು ಸಿಟ್ಟಾಗುತ್ತಿದ್ದರು. ಅವನು ಬೇರೆ ಚಿತ್ರ ಮಾಡಿಸಿ, ಕಾರ್ಡುಗಳ ಮೇಲೆ ಅಚ್ಚು ಹಾಕಿಸಿ ಸಂಸತ್ತಿನ ಸದಸ್ಯರಿಗೆ ಹಂಚಿದ. ಅದರಲ್ಲಿ ಬ್ರಿಟಾನಿಯಾ ಎಂಬ ಹೆಣ್ಣು, ಅಂದರೆ ಬ್ರಿಟನ್ ದೇಶವೇ, ಕೈಕಾಲು ಕತ್ತರಿಸಿಹೋಗಿ ಭೂಗೋಳಕ್ಕೆ ಒರಗಿ ಕುಳಿತಿದ್ದಾಳೆ. ನೆಲದಲ್ಲಿ ಬಿದ್ದಿರುವ ಅಂಗಗಳ ಮೇಲೆ ವರ್ಜೀನಿಯಾ, ಪೆನ್ಸಿಲ್ವೇನಿಯಾ, ನ್ಯೂಯಾರ್ಕ್, ನ್ಯೂ ಇಂಗ್ಲೆಂಡ್ ಎಂಬ ಹೆಸರುಗಳಿವೆ. ಹಿಂದೆ ನಿಂತಿರುವ ಹಡಗುಗಳ ಕಂಬಕ್ಕೆ ಪೊರಕೆ ಕಟ್ಟಿದೆ. ಪೊರಕೆ ಏಕೆ ಎಂದು ನಾವೆಲ್ಲ ತಲೆ ಕೆರೆದುಕೊಂಡೆವು. ಆ ಕಾಲದಲ್ಲಿ ಹಡಗು ಮಾರಾಟಕ್ಕಿದೆ ಎಂದು ತಿಳಿಸಲು ಕಂಬಕ್ಕೆ ಪೊರಕೆ ಕಟ್ಟುತ್ತಿದ್ದರಂತೆ. ಅಂದರೆ ವಸಾಹತುಗಳು ಕೈಬಿಟ್ಟರೆ ನಿಮ್ಮ ವ್ಯಾಪಾರ ಮುಳುಗುತ್ತದೆ ಎಂದು ಹೇಳುವ ಬಗೆ. ‘ನಮ್ಮನ್ನು ಬಿಟ್ಟುಬಿಡಿ’ ಎಂದಲ್ಲ, ‘ನಮ್ಮನ್ನು ಕಳೆದುಕೊಂಡರೆ ನಷ್ಟ ನಿಮಗೇ’ ಎಂದು. ಕಾಯ್ದೆ 1766ರ ಮಾರ್ಚ್‌ನಲ್ಲಿ ರದ್ದಾಯಿತು. ಚಿತ್ರದಿಂದಲೇ ರದ್ದಾಯಿತು ಎಂದು ಬರೆಯಬೇಡಿ. ಬ್ರಿಟಿಷ್ ವ್ಯಾಪಾರಿಗಳ ಒತ್ತಡವೂ ದೊಡ್ಡದಿತ್ತು.

ಇಲ್ಲಿ ನಮ್ಮ ನಾಡಿನ ಒಂದು ಸಂಗತಿಯನ್ನೂ ಹೇಳಬೇಕು. ಹೆಸರು ಕೂಡ ಸಂಕೇತವಾಗಬಹುದು. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಜೋಶುವಾ ಬಾರ್ನಿ ಎಂಬ ಯುವಕನ ನಾಯಕತ್ವದ ಪೆನ್ಸಿಲ್ವೇನಿಯಾದ ಹಡಗೊಂದು, ತನಗಿಂತ ಬಲಶಾಲಿಯಾದ ‘ಜನರಲ್ ಮಾಂಕ್’ ಎಂಬ ಬ್ರಿಟಿಷ್ ಹಡಗನ್ನು ಸೆರೆ ಹಿಡಿಯಿತು. ಆ ಅಮೆರಿಕನ್ ಹಡಗಿನ ಹೆಸರು ‘ಹೈದರ್ ಅಲಿ’. ಅದೇ ಸಮಯದಲ್ಲಿ ಶ್ರೀರಂಗಪಟ್ಟಣದ ನಮ್ಮ ಹೈದರ್ ಅಲಿ ಎರಡನೇ ಆಂಗ್ಲೋ-ಮೈಸೂರು ಯುದ್ಧದಲ್ಲಿ ಬ್ರಿಟಿಷರ ಜೊತೆ ಹೋರಾಡುತ್ತಿದ್ದ. ಇದನ್ನು ಹೇಳಿದಾಗ ತರಗತಿಯಲ್ಲಿ ಚಪ್ಪಾಳೆ ಬಿತ್ತು. ಚಪ್ಪಾಳೆ ಮುಗಿದ ಮೇಲೆ ನಮ್ಮ ನಾಲ್ಕು ಪ್ರಶ್ನೆ ಕೇಳಿದೆವು. ಫಿಲಡೆಲ್ಫಿಯಾದವರಿಗೆ ಮೈಸೂರಿನ ಜನಜೀವನ ಎಷ್ಟು ಗೊತ್ತಿತ್ತು? ಶತ್ರುವಿನ ಶತ್ರು ಎಂಬುದೇ ಆ ಹೆಸರಿನ ಮುಖ್ಯ ಅರ್ಥವಾಗಿತ್ತು. ನಮಗೆ ಇಷ್ಟವಾದ ಸಂಕೇತಕ್ಕೂ ಇದೇ ಪರೀಕ್ಷೆ ಮಾಡಬೇಕು.

ಚಿತ್ರ ಸುಳ್ಳು ಹೇಳಿದಾಗ

ನಾಲ್ಕನೇ ಪ್ರಶ್ನೆ ಏಕೆ ಬೇಕು ಎಂಬುದಕ್ಕೆ ಪಾಲ್ ರಿವಿಯರ್ 1770ರಲ್ಲಿ ಮಾಡಿದ ಚಿತ್ರ ನೋಡಿ. ಆ ವರ್ಷದ ಮಾರ್ಚ್ 5ರ ರಾತ್ರಿ ಬಾಸ್ಟನ್ನಿನಲ್ಲಿ ಬ್ರಿಟಿಷ್ ಸೈನಿಕರು ಗುಂಪಿನ ಮೇಲೆ ಗುಂಡು ಹಾರಿಸಿದರು. ಐದು ಜನ ಸತ್ತರು. ಮೂರೇ ವಾರದಲ್ಲಿ ರಿವಿಯರ್ ತಾಮ್ರದ ತಗಡಿನಲ್ಲಿ ಕೆತ್ತಿದ ಚಿತ್ರ ಮಾರಾಟಕ್ಕೆ ಬಂತು. ಅದು ಅವನ ಸ್ವಂತ ರಚನೆಯೂ ಅಲ್ಲ. ಹೆನ್ರಿ ಪೆಲ್ಹಾಮ್ ಎಂಬ ಕಲಾವಿದ, ತನ್ನ ಚಿತ್ರವನ್ನು ನಕಲು ಮಾಡಿದ್ದಾನೆ ಎಂದು ಅವನಿಗೆ ಸಿಟ್ಟಿನ ಪತ್ರ ಬರೆದಿದ್ದ.

ಚಿತ್ರದಲ್ಲಿ ಸೈನಿಕರು ಸಾಲಾಗಿ ನಿಂತು ಒಟ್ಟಿಗೆ ಗುಂಡು ಹಾರಿಸುತ್ತಿದ್ದಾರೆ. ಹಿಂದೆ ಅಧಿಕಾರಿ ಕತ್ತಿ ಎತ್ತಿ ಆಜ್ಞೆ ಕೊಡುತ್ತಿದ್ದಾನೆ. ಎದುರಿಗೆ ಬರಿಗೈಯ ಜನ. ಸೈನಿಕರ ಹಿಂದಿನ ಸುಂಕದ ಕಚೇರಿಯ ಮೇಲೆ ‘ಕಟುಕರ ಅಂಗಡಿ’ ಎಂಬ ಅರ್ಥದ ಫಲಕ. ಆಕಾಶ ಹಗಲಿನಂತೆ ಬೆಳಗಿದೆ.

ನ್ಯಾಯಾಲಯದಲ್ಲಿ ಸಾಕ್ಷಿಗಳು ಹೇಳಿದ್ದು ಬೇರೆ. ಅದು ರಾತ್ರಿ, ನೆಲದಲ್ಲಿ ಹಿಮ ಇತ್ತು. ಗುಂಪು ಹಿಮದುಂಡೆ, ಮಂಜುಗಡ್ಡೆ ಎಸೆಯುತ್ತಿತ್ತು. ಕೆಲವರ ಕೈಯಲ್ಲಿ ದೊಣ್ಣೆ ಇತ್ತು. ಗದ್ದಲದಲ್ಲಿ ಗುಂಡು ಹಾರಿತು. ಅಂಥ ಫಲಕ ಆ ಕಟ್ಟಡದ ಮೇಲೆ ಇರಲೇ ಇಲ್ಲ. ಮೊದಲು ಬಿದ್ದವನು ಕ್ರಿಸ್ಪಸ್ ಅಟಕ್ಸ್ ಎಂಬ, ಆಫ್ರಿಕನ್ ಮತ್ತು ಮೂಲನಿವಾಸಿ ಮೂಲದ ದುಡಿಮೆಗಾರ. ಬಣ್ಣ ಹಾಕಿದ ಬಹುತೇಕ ಪ್ರತಿಗಳಲ್ಲಿ ಸತ್ತವರೆಲ್ಲ ಬಿಳಿಯರೇ. ಅವನು ಪ್ರಾಣ ಕೊಟ್ಟ ಜಾಗದಲ್ಲೇ ಅವನ ಮುಖಕ್ಕೆ ಜಾಗವಿಲ್ಲ.

ಆ ಸೈನಿಕರ ಪರವಾಗಿ ವಾದಿಸಲು ಒಪ್ಪಿದವನು ಜಾನ್ ಆಡಮ್ಸ್, ಮುಂದೆ ಅಮೆರಿಕದ ಎರಡನೇ ಅಧ್ಯಕ್ಷನಾದವನು. ಅವನೂ ಬ್ರಿಟಿಷ್ ನೀತಿಯ ವಿರೋಧಿಯೇ. ಅವನ ಜೊತೆಯ ವಕೀಲ ಜೋಸಿಯಾ ಕ್ವಿನ್ಸಿ, ಮನೆಮನೆಯಲ್ಲಿರುವ ಆ ಚಿತ್ರಗಳು ಜನರ ಕಲ್ಪನೆಯನ್ನು ಕೆರಳಿಸಿವೆ, ಅವುಗಳಿಂದ ತೀರ್ಮಾನಕ್ಕೆ ಬರಬೇಡಿ ಎಂದು ಜ್ಯೂರಿಗೆ ಎಚ್ಚರಿಸಿದ. ಅಧಿಕಾರಿ ಪ್ರೆಸ್ಟನ್ ಖುಲಾಸೆಯಾದ. ಎಂಟು ಸೈನಿಕರಲ್ಲಿ ಆರು ಜನ ಖುಲಾಸೆಯಾದರು. ಇಬ್ಬರಿಗೆ ಕೊಲೆಯಲ್ಲದ ನರಹತ್ಯೆಯ ಅಪರಾಧಕ್ಕೆ ಹೆಬ್ಬೆರಳಿಗೆ ಬರೆ ಹಾಕಲಾಯಿತು. ಚಿತ್ರವನ್ನೇ ಸಾಕ್ಷಿ ಎಂದು ನಂಬಿದ್ದರೆ ಒಂಬತ್ತು ಜನರ ಕೊರಳಿಗೆ ಹಗ್ಗ ಬೀಳುತ್ತಿತ್ತು.

ಹಾಗಾದರೆ ಚಿತ್ರ ಎಸೆದುಬಿಡಬೇಕೇ? ಬೇಡ. ಆ ರಾತ್ರಿ ಏನಾಯಿತು ಎಂಬುದಕ್ಕೆ ಅದು ಕೆಟ್ಟ ಸಾಕ್ಷಿ. ಜನರು ಆ ರಾತ್ರಿಯನ್ನು ಹೇಗೆ ನೆನಪಿಡಬೇಕೆಂದು ರಿವಿಯರ್ ಬಯಸಿದ ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ. ಐದು ಜನ ಸತ್ತದ್ದಂತೂ ನಿಜ.

ಭೂಪಟಕ್ಕೆ ರೆಕ್ಕೆ ಬಂತು

ಕೊನೆಯ ಚಿತ್ರ 1812ರ ಮಾರ್ಚ್ 26ರ ‘ಬಾಸ್ಟನ್ ಗೆಜೆಟ್’ನದು. ಮ್ಯಾಸಚೂಸೆಟ್ಸ್‌ನ ಗವರ್ನರ್ ಎಲ್‌ಬ್ರಿಜ್ ಗೆರಿ, ತನ್ನ ಪಕ್ಷಕ್ಕೆ ಅನುಕೂಲವಾಗುವಂತೆ ಸೆನೆಟ್ ಕ್ಷೇತ್ರಗಳ ಗಡಿ ಬದಲಿಸುವ ಮಸೂದೆಗೆ ಸಹಿ ಹಾಕಿದ್ದ. ಎಸೆಕ್ಸ್ ಕೌಂಟಿಯ ಒಂದು ಕ್ಷೇತ್ರ ಬಿಲ್ಲಿನಂತೆ ಉದ್ದಕ್ಕೆ ಬಾಗಿಕೊಂಡಿತ್ತು. ಪತ್ರಿಕೆ ಆ ಭೂಪಟಕ್ಕೇ ತಲೆ, ಉಗುರು, ರೆಕ್ಕೆ ಸೇರಿಸಿತು. ಸಾಲಮ್ಯಾಂಡರ್ ಎಂಬ ಹಲ್ಲಿಯಂಥ ಪ್ರಾಣಿಯ ಹೆಸರಿಗೆ ಗೆರಿಯ ಹೆಸರು ಜೋಡಿಸಿ ‘ಗೆರಿಮ್ಯಾಂಡರ್’ ಎಂದು ಕರೆಯಿತು. ಇಂದಿಗೂ ರಾಜ್ಯಶಾಸ್ತ್ರದಲ್ಲಿ, ಕ್ಷೇತ್ರ ಪುನರ್ವಿಂಗಡಣೆಯ ಚರ್ಚೆ ಬಂದಾಗಲೆಲ್ಲ ಈ ಪದ ಕೇಳುತ್ತೀರಿ. ಉಚ್ಚಾರ ಮಾತ್ರ ‘ಜೆರಿಮ್ಯಾಂಡರ್’ ಆಗಿದೆ.

ಇಲ್ಲಿ ಸುಳ್ಳು ಎಷ್ಟು, ನಿಜ ಎಷ್ಟು? ರೆಕ್ಕೆ, ಉಗುರು ಕಲ್ಪನೆ. ಮೈಯ ಗೆರೆ ಮಾತ್ರ ಸರ್ಕಾರವೇ ಎಳೆದ ಗಡಿ. ಆ ವರ್ಷದ ಚುನಾವಣೆಯಲ್ಲಿ ಎದುರು ಪಕ್ಷಕ್ಕೆ ಒಟ್ಟು ಮತ ಸ್ವಲ್ಪ ಹೆಚ್ಚೇ ಬಿದ್ದರೂ 40 ಸ್ಥಾನಗಳಲ್ಲಿ 29 ಗೆರಿಯ ಪಕ್ಷಕ್ಕೆ ಹೋದವು. ಗೆರಿ ಸ್ವತಃ ಗವರ್ನರ್ ಚುನಾವಣೆಯಲ್ಲಿ ಸೋತ. ರಿವಿಯರ್ ನಿಜವಾದ ಘಟನೆಯ ವಿವರಗಳನ್ನೇ ತಿದ್ದಿದ. ಈ ಚಿತ್ರಕಾರ ನಿಜವಾದ ಗೆರೆಯನ್ನು ಹಾಗೇ ಇಟ್ಟು ಜನರಿಗೆ ಕಾಣುವಂತೆ ಮಾಡಿದ. ಎರಡೂ ವ್ಯಂಗ್ಯಚಿತ್ರವೇ. ವ್ಯತ್ಯಾಸ ಗೊತ್ತಾಗುವುದು ಪಕ್ಕದಲ್ಲಿ ಭೂಪಟವನ್ನೋ ಸಾಕ್ಷಿಯನ್ನೋ ಇಟ್ಟು ನೋಡಿದಾಗ.

ಈಗ ನೀವೇ ಮಾಡಿ

ಒಂದು ಚಿತ್ರ ನಿಮಗೆ ಬಿಡುತ್ತೇನೆ. 1833ರ ಸುಮಾರಿಗೆ ಬಂದ ‘ಮೊದಲನೆಯ ಆಂಡ್ರ್ಯೂ ದೊರೆ’. ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಕಿರೀಟ, ರಾಜರ ನಿಲುವಂಗಿ ತೊಟ್ಟು ನಿಂತಿದ್ದಾನೆ. ಒಂದು ಕೈಯಲ್ಲಿ ರಾಜದಂಡ, ಇನ್ನೊಂದರಲ್ಲಿ ‘ವೀಟೋ’ ಎಂದು ಬರೆದ ಕಾಗದ. ಕಾಲ ಕೆಳಗೆ ಹರಿದ ಸಂವಿಧಾನ. ಸುಳಿವು: ಅವನು 1832ರಲ್ಲಿ ಬ್ಯಾಂಕ್ ಮಸೂದೆಗೆ ವೀಟೋ ಹಾಕಿದ್ದ, ಅದೇ ವರ್ಷ ಜನರ ಮತದಿಂದ ಎರಡನೇ ಬಾರಿ ಗೆದ್ದಿದ್ದ. ದೊರೆಯ ಆಳ್ವಿಕೆಯನ್ನು ಕಳಚಿಕೊಂಡು ಅರ್ಧ ಶತಮಾನ ಕಳೆದ ನಾಡಿನಲ್ಲಿ ಕಿರೀಟ ಹೊಗಳಿಕೆಯೋ ಬೈಗುಳವೋ? ಅವನಿಗೆ ಮತ ಹಾಕಿದ ರೈತ ಈ ಚಿತ್ರ ನೋಡಿ ಏನೆಂದಿರಬಹುದು? ಒಂದು ಪುಟ ಬರೆದು ಇತಿಹಾಸ ವಿಭಾಗದಲ್ಲಿ ಕೊಡಿ. ಪರೀಕ್ಷೆಯಲ್ಲೂ ಇದೇ ಕ್ರಮ ಅನುಸರಿಸಿ: ಇದು ಕಾಣುತ್ತಿದೆ, ಆಗ ಇದು ನಡೆಯುತ್ತಿತ್ತು, ಆದ್ದರಿಂದ ಇದರ ಅರ್ಥ ಹೀಗಿರಬಹುದು.

ಇದು ಪರೀಕ್ಷೆಗೆ ಮಾತ್ರದ ಮಾತಲ್ಲ. ದಿನಾ ನಿಮ್ಮ ಮೊಬೈಲಿಗೆ ಎಷ್ಟೋ ಚಿತ್ರಗಳು ಬಂದು ಬೀಳುತ್ತವೆ. ತಾರೀಖು ಇರುವುದಿಲ್ಲ, ಊರು ಇರುವುದಿಲ್ಲ, ಬರೆದವರ ಹೆಸರು ಇರುವುದಿಲ್ಲ. ಯಾರ ಮೇಲಾದರೂ ಸಿಟ್ಟು ಬರಿಸುವ ಒಂದು ಸಾಲು ಮಾತ್ರ ಇರುತ್ತದೆ. ಮುಂದಕ್ಕೆ ಕಳಿಸುವ ಮೊದಲು ಎರಡನೇ ಪ್ರಶ್ನೆಯನ್ನಾದರೂ ಕೇಳಿ: ಇದು ಯಾವಾಗಿನದು, ಎಲ್ಲಿಯದು?

ಆ ಹುಡುಗಿ ಕೇಳಿದ್ದೂ ಇಷ್ಟೇ. ಅವಳು ಪಠ್ಯಪುಸ್ತಕದ ಹೊರಗಿನ ಯಾವುದನ್ನೂ ಓದಿರಲಿಲ್ಲ. ನಾನು ಹೇಳಿದ್ದನ್ನು ಬರೆದುಕೊಳ್ಳುವ ಮೊದಲು ಚಿತ್ರದ ಪಕ್ಕದಲ್ಲಿದ್ದ ನಾಲ್ಕು ಅಂಕೆಗಳನ್ನು ನೋಡಿದಳು. ತರಗತಿಯಲ್ಲಿ ನಿಮಗೂ ಹೀಗೆ ಏನಾದರೂ ಹೊಂದದೆ ಕಂಡರೆ ಪೆನ್ನು ಕೆಳಗಿಟ್ಟು ಎದ್ದು ನಿಲ್ಲಿ. ಉತ್ತರ ಗೊತ್ತಿಲ್ಲದಿದ್ದರೆ ನಾನು ಮತ್ತೆ “ನಾಳೆ ಹೇಳ್ತೇನೆ” ಎನ್ನುತ್ತೇನೆ. ಮರುದಿನ ಬಂದು ಹೇಳುತ್ತೇನೆ.